ಹಾಡುವವರೇ ಪೈಲಟ್!

ಬ್ಯಾಂಡಿನ ಗಾಯಕರೇ ವಿಮಾನ ಹಾರಿಸಿಕೊಂಡು ದೇಶದಿಂದ ದೇಶಕ್ಕೆ ಹೋದರೆ? 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದ ಐರನ್ ಮೇಡನ್ ಬ್ಯಾಂಡ್, 2016ರಲ್ಲಿ ಹೊರಟಿದ್ದು ಹಾಗೆಯೇ.

ಹೊಸ ಆಲ್ಬಮ್ 'ದಿ ಬುಕ್ ಆಫ್ ಸೋಲ್ಸ್' ಹಿಂದಿನ ವರ್ಷವೇ ಬಂದಿತ್ತು. ಆದರೆ ಗಾಯಕ ಬ್ರೂಸ್ ಡಿಕಿನ್ಸನ್ ನಾಲಿಗೆಯ ಕ್ಯಾನ್ಸರ್‌ನಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದರು. ಅವರಿಗಾಗಿ ಪ್ರವಾಸವನ್ನೇ ಮುಂದಕ್ಕೆ ಹಾಕಿದರು. ಕಾದಿದ್ದು ಸಾರ್ಥಕ!

ಈ ಸಲದ ವಾಹನ ಬೋಯಿಂಗ್ 747, ಹೆಸರು 'ಎಡ್ ಫೋರ್ಸ್ ಒನ್'. ಬಾಲದ ಮೇಲೆ ಬ್ಯಾಂಡಿನ ಗುರುತು ಎಡ್ಡಿಯ ಮುಖ. ಒಳಗೆ ಕಲಾವಿದರು, ತಂತ್ರಜ್ಞರು, ಟನ್‌ಗಟ್ಟಲೆ ಸಾಮಾನು. ಕಾಕ್‌ಪಿಟ್‌ನಲ್ಲಿ ಬ್ರೂಸ್!

ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋ. ಇಂಧನ ತುಂಬಿಸಲು ಎಳೆದೊಯ್ಯುವಾಗ ವಿಮಾನ ಟಗ್ ವಾಹನಕ್ಕೆ ಗುದ್ದಿತು. ಸಿಬ್ಬಂದಿ ಇಬ್ಬರಿಗೆ ಗಾಯ, ಎರಡು ಎಂಜಿನ್ ಜಖಂ. ಆದರೂ ಅರ್ಜೆಂಟೀನಾದ ಶೋಗಳು ನಿಲ್ಲಲಿಲ್ಲ. ಎಂಜಿನ್ ಬದಲಾಯಿಸಿಕೊಂಡ ವಿಮಾನ ಅದೇ ತಿಂಗಳು ಬ್ರೆಜಿಲ್‌ನಲ್ಲಿ ಮತ್ತೆ ತಂಡ ಸೇರಿತು.