ಹಗಲು ಬೆಳಕೂ ವಿದ್ಯುತ್ ಬಿಲ್ಲೂ



ವಿದ್ಯುತ್ ಬಿಲ್ಲು ಬಂದಾಗ ರೂಪಾಯಿ ಮಾತ್ರ ನೋಡಿ ಮಡಿಸಿಡಬೇಡಿರಿ; ಯೂನಿಟ್ ಎಷ್ಟೆಂದೂ ನೋಡಿರಿ. 1,000 ವ್ಯಾಟಿನ ಸಾಮಾನು 1 ಗಂಟೆ ನಡೆದರೆ 1 ಯೂನಿಟ್ ಖರ್ಚು. ಈ ಲೆಕ್ಕದಂತೆ 60 ವ್ಯಾಟಿನ ಹಳೆಯ ಬುರುಡೆ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 30 ದಿನಕ್ಕೆ 9 ಯೂನಿಟ್. 9 ವ್ಯಾಟಿನ ಎಲ್.ಇ.ಡಿ. ಬಲ್ಬು ಸುಮಾರು ಅಷ್ಟೇ ಬೆಳಕು ಕೊಟ್ಟು 1.35 ಯೂನಿಟ್ ಮಾತ್ರ ತೆಗೆದುಕೊಳ್ಳುತ್ತದೆ.

ಹಗಲಿನಲ್ಲಿ ಆ ಬಲ್ಬೂ ಬೇಡ. ನಮ್ಮ ಅನೇಕ ಹೆಂಚಿನ ಮನೆಗಳಲ್ಲಿ ಮಧ್ಯಾಹ್ನವೂ ಅಡಿಗೆಮನೆ ಕತ್ತಲೆ. ಅಲ್ಲಿ ಕುಳಿತು ಅಕ್ಕಿಯ ಕಲ್ಲು ಆರಿಸುವ ಹೆಣ್ಣುಮಕ್ಕಳ ಕಣ್ಣಿಗೆ ಬಹಳ ಆಯಾಸ. ಅವರು ಕೆಲಸ ಮಾಡುವ ಜಾಗದ ಮೇಲೆ ಒಂದೆರಡು ಹೆಂಚು ತೆಗೆದು, ಅದೇ ಅಳತೆಯ ಗಾಜಿನ ಹೆಂಚು ಕೂಡಿಸಿರಿ. ಒಲೆಯ ನೇರಕ್ಕೆ ಬೇಡ; ಬೇಗ ಮಸಿ ಹಿಡಿಯುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಹೆಂಚೊಂದನ್ನು ಮಾದರಿಗೆ ಒಯ್ಯಿರಿ. ಅಳತೆ ತಪ್ಪಿದರೆ ಮಳೆಗಾಲದಲ್ಲಿ ಸೋರುತ್ತದೆ. ಗೋಡೆಗೆ ಸುಣ್ಣ ಬಳಿದರೆ ಬಂದ ಬೆಳಕು ಮೂಲೆಮೂಲೆಗೂ ಹರಡುತ್ತದೆ. ಗಾಜನ್ನು ಆಗಾಗ ಒರೆಸಿರಿ.

ಈ ತಿಂಗಳ ಬಿಲ್ಲನ್ನು ಜೋಪಾನವಾಗಿಡಿರಿ. ಕೆಲಸ ಮುಗಿದ ಮುಂದಿನ ತಿಂಗಳ ಬಿಲ್ಲನ್ನು ಅದರ ಪಕ್ಕದಲ್ಲಿಟ್ಟು ಯೂನಿಟ್‌ಗಳನ್ನು ಮನೆಯವರೆಲ್ಲ ಕೂಡಿ ಹೋಲಿಸಿರಿ.