‘ಗಾಳಿ ಸೋಕೇತಿ’ ಎನ್ನುವ ಮುನ್ನ ರಕ್ತ ಪರೀಕ್ಷೆ ಆಗಲಿ

ಪಣಜಿ: ಚೆನ್ನಾಗಿ ಓಡಾಡಿಕೊಂಡಿದ್ದ ಹುಡುಗಿ ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು ಬಡಬಡಿಸತೊಡಗಿದರೆ, ಫಿಟ್ಸ್ ಬಂದರೆ ಮನೆಮಂದಿ ಹೇಳುವ ಮೊದಲ ಮಾತು: ‘ಗಾಳಿ ಸೋಕೇತಿ, ಊರಿಗೆ ಕರ್ಕೊಂಡು ಹೋಗೂಣು’. ವಾಸ್ಕೊ, ಝುವಾರಿನಗರ, ಮಡಗಾಂವ್, ಮಾಪ್ಸಾಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ಮಾತು ಹೊಸದಲ್ಲ.

ಆದರೆ ಇದು ಮಿದುಳಿನ ಉರಿಯೂತವೂ ಆಗಿರಬಹುದು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ಸ್ವಂತ ನರಮಂಡಲದ ಮೇಲೇ ಎರಗುವುದುಂಟು. ಇಂಥ ‘ಎನ್‌ಎಂಡಿಎ’ ಉರಿಯೂತಕ್ಕೆ ಕಾರಣವಾದ ಪ್ರತಿಕಾಯವನ್ನು ಡಾ. ಜೋಸೆಪ್ ಡಾಲ್ಮೌ ತಂಡ 2007ರಲ್ಲಿ ಪತ್ತೆಹಚ್ಚಿತು. ಹೆಚ್ಚಾಗಿ ಯುವತಿಯರನ್ನು ಕಾಡುವ ಈ ಕಾಯಿಲೆಗೆ ಕೆಲವರಲ್ಲಿ ಅಂಡಾಶಯದ ಗಡ್ಡೆ ಮೂಲ. ರಕ್ತದ ಜತೆಗೆ ಬೆನ್ನುಹುರಿಯ ನೀರನ್ನೂ ಪರೀಕ್ಷಿಸಬೇಕಾಗುತ್ತದೆ.

ಒಮ್ಮೆಲೇ ಕಣ್ಣು ಮಂಜಾಗುವುದು, ಕಾಲಿನ ಬಲ ಹೋಗುವುದು, ನಿಲ್ಲದ ಬಿಕ್ಕಳಿಕೆ ಮತ್ತು ವಾಂತಿ ಎನ್‌ಎಂಒ ಎಂಬ ಇನ್ನೊಂದು ಕಾಯಿಲೆಯ ಲಕ್ಷಣಗಳು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ವಾಂಡಾ ಲೆನನ್ ತಂಡ ಇದರ ಪ್ರತಿಕಾಯವನ್ನು ಕಂಡುಹಿಡಿಯುವ ತನಕ ಇದನ್ನು ‘ಮಲ್ಟಿಪಲ್ ಸ್ಕ್ಲೆರೋಸಿಸ್’ನ ಒಂದು ಬಗೆ ಎಂದೇ ತಿಳಿಯಲಾಗುತ್ತಿತ್ತು. ವ್ಯತ್ಯಾಸ ಸಣ್ಣದಲ್ಲ. ಆ ಕಾಯಿಲೆಗೆ ಕೊಡುವ ಇಂಟರ್‌ಫೆರಾನ್ ಇದನ್ನು ಉಲ್ಬಣಗೊಳಿಸಬಹುದು.

ಸಂಜೆಯಾದಂತೆ ರೆಪ್ಪೆ ಜೋತುಬೀಳುವ, ಅಗಿಯಲು ಸುಸ್ತಾಗುವ ಮಯಸ್ತೇನಿಯಾದಲ್ಲೂ ರಕ್ತವೇ ಸುಳಿವು ಕೊಡುತ್ತದೆ. ಮೈಯೆಲ್ಲ ಹರಡಿದ ಹಂತದಲ್ಲಿ ಶೇ 85ರಷ್ಟು ರೋಗಿಗಳಲ್ಲಿ ಒಂದೇ ಬಗೆಯ ಪ್ರತಿಕಾಯ ಸಿಗುತ್ತದೆ.

ಎಲ್ಲಿ ತೋರಿಸಬೇಕು? ಗೋವಾದವರಿಗೆ ಮೊದಲ ಮೆಟ್ಟಿಲು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ನರರೋಗ ವಿಭಾಗ. ಕೊಂಕಣ ರೈಲು ತಲುಪಿಸುವ ಮಂಗಳೂರಿನ ಬಳಿ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಇಂಥ ರೋಗಿಗಳ ದಾಖಲಾತಿಯನ್ನೇ ಕಟ್ಟಿದ್ದಾರೆ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ರೋಗಿಯ ರಕ್ತಸಾರ ಹಾಕಿ, ಪ್ರತಿಕಾಯ ಅಂಟುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಅವರ ತಂಡ ರೂಢಿಸಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪ್ರತಿಕಾಯ ಪರೀಕ್ಷೆ ಉಂಟು.

ಹಾಗಂತ ರೋಗಿಯನ್ನು ಹೊತ್ತುಕೊಂಡು ಊರೂರು ತಿರುಗಬೇಕಿಲ್ಲ. ರಕ್ತಸಾರದ ಮಾದರಿ ಕಳಿಸಿದರೂ ಪರೀಕ್ಷೆ ಸಾಧ್ಯ. ಪ್ಲಾಸ್ಮಾ ಬದಲಾವಣೆ ಇಲ್ಲವೇ ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆ ಶುರುವಾಗುವ ಮೊದಲೇ ರಕ್ತ ತೆಗೆದಿಡುವುದು ಒಳ್ಳೆಯದು. ಆಮೇಲೆ ತೆಗೆದರೆ ಫಲಿತಾಂಶ ದಾರಿ ತಪ್ಪಿಸೀತು. ವರದಿಯಲ್ಲಿ ‘ನೆಗೆಟಿವ್’ ಎಂದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ವೈದ್ಯರ ತಪಾಸಣೆ, ಎಂಆರ್‌ಐ ಎಲ್ಲವನ್ನೂ ಕೂಡಿಸಿ ನೋಡಬೇಕು. ವರದಿ ಬರುವ ತನಕ ಚಿಕಿತ್ಸೆಯನ್ನು ತಡೆಹಿಡಿಯುವುದೂ ಸಲ್ಲ.

ಬೇಗ ಗುರುತಿಸಿದರೆ ಸ್ಟೀರಾಯ್ಡ್, ಪ್ಲಾಸ್ಮಾ ಬದಲಾವಣೆಗಳಿಂದ ಹಲವರು ಚೇತರಿಸಿಕೊಳ್ಳುತ್ತಾರೆ. ತಡವಾದರೆ ಹೋದ ಕಣ್ಣು ಮರಳದೇ ಇರಬಹುದು. ಊರ ದೇವರಿಗೆ ಹರಕೆ ಹೊತ್ತುಕೊಳ್ಳಿ, ತಪ್ಪೇನಿಲ್ಲ. ಆದರೆ ಅದಕ್ಕೂ ಮುಂಚೆ ಬಾಂಬೋಳಿ ಬಸ್ ಹಿಡಿಯಿರಿ.