ಆಕಾಶಕ್ಕೂ ಬೇಲಿ: ಹೆಲ್ಸಿಂಕಿ-ಟೋಕಿಯೊ ಹಾದಿಯ ಕತೆ

ಫಿನ್ಲೆಂಡ್ ಮತ್ತು ಜಪಾನ್ ನಡುವೆ ಇರುವುದು ಒಂದೇ ದೇಶ. ಅದು ರಷ್ಯ. ಭೂಗೋಳದ ಮೇಲೆ ದಾರವಿಟ್ಟು ಅಳೆದರೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು 7,800 ಕಿ.ಮೀ. ಸೈಬೀರಿಯದ ಮೇಲಿನ ಈ ನೇರ ಹಾದಿಯಲ್ಲಿ ವಿಮಾನಕ್ಕೆ ಬೇಕಾಗುತ್ತಿದ್ದುದು ಒಂಬತ್ತೂವರೆ ಗಂಟೆ. ಆದರೆ 2022ರ ಮಾರ್ಚ್‌ನಲ್ಲಿ ಈ ಪ್ರಯಾಣದ ಅವಧಿ ಸುಮಾರು 13 ಗಂಟೆಗೆ ಏರಿತು. ಊರುಗಳು ಕದಲಿರಲಿಲ್ಲ, ವಿಮಾನದ ವೇಗವೂ ತಗ್ಗಿರಲಿಲ್ಲ. ಹಾಗಾದರೆ ದಾರಿ ಬೆಳೆದದ್ದು ಹೇಗೆ?

ಇದಕ್ಕೆ ಉತ್ತರ 1944ರ ಷಿಕಾಗೊ ಒಪ್ಪಂದದಲ್ಲಿದೆ. ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಪೂರ್ಣ ಒಡೆಯ ಎನ್ನುತ್ತದೆ ಅದರ ಮೊದಲ ವಿಧಿ. ಒಡೆಯ ಬೇಡವೆಂದರೆ ವಿಮಾನ ಸುತ್ತಿ ಬಳಸಿ ಹೋಗಬೇಕು.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ಹೀಗೆಯೇ ಬೇಡವೆಂದಿತು. ಯೂರೋಪಿನ ವಿಮಾನಗಳು ದಕ್ಷಿಣ ಏಷ್ಯವನ್ನು ಬಳಸಿ, ಅಲ್ಲಲ್ಲಿ ಇಳಿದು, ಐವತ್ತು ಗಂಟೆಗೂ ಮಿಕ್ಕಿ ಪಯಣಿಸಿ ಟೋಕಿಯೊ ತಲುಪುತ್ತಿದ್ದವು. 1957ರ ಫೆಬ್ರುವರಿ 24ರಂದು ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಹೊಸ ದಾರಿ ತೆರೆಯಿತು. ಕೋಪನ್‌ಹೇಗನ್‌ನಿಂದ ಹೊರಟು, ಉತ್ತರ ಧ್ರುವವನ್ನು ಹಾದು, ಅಲಾಸ್ಕದ ಆಂಕರೇಜ್‌ನಲ್ಲಿ ಇಂಧನ ತುಂಬಿಕೊಂಡು ಟೋಕಿಯೊ ಸೇರುವುದು. ಒಟ್ಟು ಸುಮಾರು 32 ಗಂಟೆ. ಧ್ರುವದ ಬಳಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿರಲಿಲ್ಲ. ಗೈರೋಸ್ಕೋಪ್ ಮತ್ತು ನಕ್ಷತ್ರಗಳೇ ದಾರಿ ತೋರಬೇಕಿತ್ತು.

1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಸಂಸ್ಥೆಯ ಡಿಸಿ-10 ವಿಮಾನ ಧ್ರುವದ ಮೇಲೆಯೇ ಹಾರಿ, ಎಲ್ಲಿಯೂ ಇಳಿಯದೆ, ಸುಮಾರು 13 ಗಂಟೆಗಳಲ್ಲಿ ಟೋಕಿಯೊ ಮುಟ್ಟಿತು. ಬೇಲಿ ದಾಟಿದರೆ ಏನಾಗಬಹುದು ಎಂಬುದನ್ನೂ ಅದೇ ವರ್ಷ ಜಗತ್ತು ಕಂಡಿತು. ಸೆಪ್ಟೆಂಬರ್ 1ರಂದು ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯದ ವಿಮಾನ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಬಂದಾಗ ಯುದ್ಧವಿಮಾನವೊಂದು ಅದನ್ನು ಸಖಾಲಿನ್ ದ್ವೀಪದ ಬಳಿ ಹೊಡೆದುರುಳಿಸಿತು. ಅದರಲ್ಲಿದ್ದ 269 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಸೈಬೀರಿಯದ ಆಕಾಶ ವಿಶಾಲವಾಗಿ ತೆರೆಯಿತು. ಯೂರೋಪಿನಿಂದ ಪೂರ್ವ ಏಷ್ಯಕ್ಕೆ ಹೆಲ್ಸಿಂಕಿಯೇ ಹತ್ತಿರದ ಹೆಬ್ಬಾಗಿಲಾಯಿತು. ಫಿನ್‌ಏರ್ ತನ್ನ ವಹಿವಾಟನ್ನೇ ಈ ಹತ್ತಿರದ ದಾರಿಯ ಮೇಲೆ ಕಟ್ಟಿಕೊಂಡಿತು.

2022ರ ಫೆಬ್ರುವರಿ 24ರಂದು ರಷ್ಯ ಉಕ್ರೇನಿನ ಮೇಲೆ ದಂಡೆತ್ತಿತು. ಯೂರೋಪಿನ ದೇಶಗಳು ರಷ್ಯದ ವಿಮಾನಗಳಿಗೆ ಬಾಗಿಲು ಮುಚ್ಚಿದವು. ರಷ್ಯವೂ ಅದೇ ಉತ್ತರ ಕೊಟ್ಟಿತು. ಮಾರ್ಚ್ 9ರಂದು ಫಿನ್‌ಏರ್ ಟೋಕಿಯೊ ಸೇವೆಯನ್ನು ಮತ್ತೆ ಆರಂಭಿಸಿದಾಗ ಹಳೆಯ ಧ್ರುವಮಾರ್ಗವೇ ಗತಿಯಾಯಿತು. ಧ್ರುವ ದಾಟಿದ ಪ್ರಯಾಣಿಕರ ಕೈಗೆ ಸಂಸ್ಥೆ ಪ್ರಮಾಣಪತ್ರವನ್ನೇನೋ ಇತ್ತಿತು. ಆದರೆ ಹೆಚ್ಚುವರಿ ಗಂಟೆಗಳ ಇಂಧನದ ಹೊರೆ ಅದರ ಮೇಲೆಯೇ ಬಿತ್ತು. ನಿಷೇಧಕ್ಕೊಳಗಾಗದ ಚೀನಾದ ವಿಮಾನಗಳಾದರೋ ಸೈಬೀರಿಯದ ಮೇಲೆ ಎಂದಿನಂತೆ ಹಾರಾಡುತ್ತಿದ್ದವು.

ಮೂವತ್ತೊಂಬತ್ತು ವರ್ಷಗಳಲ್ಲಿ ಎಂಜಿನ್ ಬದಲಾಯಿತು, ವಿಮಾನ ಬದಲಾಯಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಮಾತ್ರ ಮತ್ತೆ ಅದೇ 13 ಗಂಟೆ.